ಕಾರಿನ ಗೇರ್ ಆಯಿಲ್: ಎಲ್ಲಿ ಬದಲಿಸಬೇಕು, ಎಷ್ಟು ಕೊಡಬೇಕು, ಎದುರು ನಿಂತು ಏನು ನೋಡಬೇಕು

"ಸರ್ವಿಸ್ ಸೆಂಟರ್‌ನಲ್ಲಿ ಗೇರ್ ಆಯಿಲ್‌ಗೆ ನಾಲ್ಕು ಸಾವಿರದ ಮೇಲೆ ಹೇಳ್ತಿದಾರೆ, ನಮ್ಮ ಏರಿಯಾ ಗ್ಯಾರೇಜಿನವನು ಎಂಟುನೂರಕ್ಕೆ ಮಾಡಿಕೊಡ್ತೀನಿ ಅಂತಾನೆ. ಯಾರನ್ನ ನಂಬೋದು?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಹೋಲಿಸುವ ರೀತಿಯೇ ಸರಿಯಿಲ್ಲದ್ದರಿಂದ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಮೊದಲನೆಯವರ ಲೆಕ್ಕದಲ್ಲಿ ನಿಮಗೆ ಬೇಡದ ಎರಡು ಕೆಲಸಗಳು ಸೇರಿರಬಹುದು. ಎರಡನೆಯವರು ಹಾಕುವ ಆಯಿಲ್ ನಿಮ್ಮ ಕಾರಿಗೆ ಆಗದೇ ಇರಬಹುದು.

ಹಣ ಉಳಿಯುವ ದಾರಿ ಒಂದೇ. ಆಯಿಲ್‌ನ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆ ಮಾಡಿ. ಆಯಿಲ್ ಯಾವುದು, ಎಷ್ಟು ಎಂಬುದನ್ನು ನೀವೇ ತೀರ್ಮಾನಿಸಿ. ಕೂಲಿಯನ್ನು ಎಲ್ಲಿ ಕಡಿಮೆಯೋ ಅಲ್ಲಿ ಕೊಡಿ, ಕೆಲಸವನ್ನು ಕಣ್ಣಾರೆ ನೋಡಿ. ಉಳಿದದ್ದೆಲ್ಲ ಇದರ ವಿವರ.

ಮೊದಲು ಒಂದು ಸ್ಪಷ್ಟನೆ. ಇಲ್ಲಿ ಹೇಳುತ್ತಿರುವುದು ಕೈಯಿಂದ ಗೇರ್ ಹಾಕುವ ಮ್ಯಾನುವಲ್ ಕಾರುಗಳ ವಿಷಯ. ಎಎಂಟಿ ಕಾರುಗಳಿಗೂ ಇದು ಬಹುಪಾಲು ಅನ್ವಯಿಸುತ್ತದೆ. ಎಎಂಟಿಯ ಒಳಗಿರುವುದು ಮ್ಯಾನುವಲ್ ಗೇರ್ ಬಾಕ್ಸೇ, ಕ್ಲಚ್ ತುಳಿಯುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಆ ಯಂತ್ರಭಾಗಕ್ಕೆ ಪ್ರತ್ಯೇಕ ಆಯಿಲ್ ಇರುವ ಕಾರುಗಳಲ್ಲಿ ಅದರ ಡಬ್ಬಿಗೆ ಗೇರ್ ಆಯಿಲ್ ಸುರಿಯಲು ಬಿಡಬೇಡಿ. ಸಿವಿಟಿ, ಟಾರ್ಕ್ ಕನ್ವರ್ಟರ್, ಡ್ಯುಯಲ್ ಕ್ಲಚ್ ಇರುವ ಆಟೊಮ್ಯಾಟಿಕ್ ಕಾರುಗಳ ಆಯಿಲ್ ಪೂರ್ತಿ ಬೇರೆ, ಕೆಲಸದ ಕ್ರಮವೂ ಬೇರೆ. ಅವುಗಳ ಮಾಲೀಕರು ಇದನ್ನು ಅನುಸರಿಸಬೇಡಿ.

ಹಂತ 1: ನಿಜಕ್ಕೂ ಬದಲಿಸಬೇಕೇ ಎಂದು ತಿಳಿದುಕೊಳ್ಳಿ

ಇಂಜಿನ್ ಆಯಿಲ್ ಉರಿಯುವ ಇಂಧನದ ಪಕ್ಕದಲ್ಲೇ ಕೆಲಸ ಮಾಡುತ್ತದೆ, ಮಸಿ ಹಿಡಿಯುತ್ತದೆ, ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಗೇರ್ ಬಾಕ್ಸ್‌ನಲ್ಲಿ ಏನೂ ಉರಿಯುವುದಿಲ್ಲ. ಆದರೆ ಹಲ್ಲುಚಕ್ರಗಳು ಒಂದಕ್ಕೊಂದು ಒತ್ತಿ ತಿರುಗುವಾಗ ಸವೆದ ಲೋಹದ ಪುಡಿ ಆ ಎಣ್ಣೆಯಲ್ಲೇ ಉಳಿಯುತ್ತದೆ. ಎಣ್ಣೆಗೆ ಬೆರೆಸಿದ ರಕ್ಷಕ ರಾಸಾಯನಿಕಗಳು ವರ್ಷ ಕಳೆದಂತೆ ಬಲ ಕಳೆದುಕೊಳ್ಳುತ್ತವೆ. ಈ ಕೆಲಸ ಅಪರೂಪಕ್ಕೆ ಬರುವುದರಿಂದಲೇ ಎಲ್ಲರೂ ಮರೆಯುತ್ತಾರೆ. ಹತ್ತು ವರ್ಷ ಓಡಿದ ಕಾರಿನಲ್ಲಿ ಫ್ಯಾಕ್ಟರಿಯಲ್ಲಿ ತುಂಬಿದ ಎಣ್ಣೆಯೇ ಇರುವುದು ಏನೂ ಅಪರೂಪವಲ್ಲ.

ಕಾರಿನ ಜೊತೆ ಕೊಟ್ಟ ಮಾಲೀಕರ ಕೈಪಿಡಿ ತೆಗೆಯಿರಿ. ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಸಿಗುತ್ತದೆ. ಕೊನೆಯ ಭಾಗದಲ್ಲಿ ಸರ್ವಿಸ್ ಪಟ್ಟಿ ಇರುತ್ತದೆ. 'ಮ್ಯಾನುವಲ್ ಟ್ರಾನ್ಸ್‌ಮಿಷನ್ ಆಯಿಲ್' ಎಂಬ ಸಾಲಿನಲ್ಲಿ ಐ ಅಕ್ಷರ ಇದ್ದರೆ ಪರೀಕ್ಷಿಸಿ ಎಂದರ್ಥ, ಆರ್ ಇದ್ದರೆ ಬದಲಿಸಿ ಎಂದರ್ಥ. ಸಾಮಾನ್ಯವಾಗಿ 40,000ದಿಂದ 80,000 ಕಿಲೋಮೀಟರ್ ನಡುವೆ ಆರ್ ಬರುತ್ತದೆ. ಕೆಲವು ಕಂಪನಿಗಳು ಬದಲಿಸುವ ಮಾತನ್ನೇ ಎತ್ತುವುದಿಲ್ಲ, ಪರೀಕ್ಷೆ ಮಾತ್ರ ಹೇಳುತ್ತವೆ. ಅಂಥ ಕಾರನ್ನು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ 80,000 ದಾಟುವ ಮೊದಲು ಒಮ್ಮೆ ಬದಲಿಸಿ ಎಂಬುದು ನನ್ನ ಅಭಿಪ್ರಾಯ. ದಿನವೂ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಹತ್ತಿಳಿಯುವವರು, ಟ್ಯಾಕ್ಸಿ ಓಡಿಸುವವರು ಪಟ್ಟಿಯಲ್ಲಿರುವ 'ಕಠಿಣ ಬಳಕೆ'ಯ ಅಂತರವನ್ನು ನೋಡಿ, ಅದು ಕಡಿಮೆ ಇರುತ್ತದೆ.

ಕಿಲೋಮೀಟರ್ ಎಷ್ಟೇ ಆಗಿರಲಿ, ತಡ ಮಾಡಬಾರದ ಸಂದರ್ಭ ಒಂದಿದೆ. ಕಾರು ನೆರೆನೀರಿನಲ್ಲಿ ನಿಂತಿದ್ದರೆ ಕೂಡಲೇ ನೋಡಿಸಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಆದಂತೆ ನೀರು ಚಕ್ರದ ಅರ್ಧಕ್ಕೆ ಬಂದರೆ, ಬಿಸಿ ಗೇರ್ ಬಾಕ್ಸ್ ತಟ್ಟನೆ ತಣ್ಣಗಾಗಿ ಉಸಿರುರಂಧ್ರದಿಂದ ನೀರನ್ನು ಒಳಗೆಳೆದುಕೊಳ್ಳಬಹುದು. ಇಂಜಿನ್ ಆಯಿಲ್ ನೋಡಿ ಸಮಾಧಾನ ಪಟ್ಟು ಗೇರ್ ಬಾಕ್ಸ್ ಮರೆಯುವವರು ಬಹಳ. ನೀರು ಸೇರಿದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ.

ಇನ್ನೊಂದು ಎಚ್ಚರಿಕೆ, ಇದರಿಂದ ನಿಮಗೆ ಸಾವಿರಾರು ರೂಪಾಯಿ ಉಳಿಯಬಹುದು. ಗೇರ್ ಗಟ್ಟಿಯಾಗಿದೆ ಎಂದ ಕೂಡಲೇ ಆಯಿಲ್ ಬದಲಿಸಲು ಓಡಬೇಡಿ. ಇಂಜಿನ್ ಆಫ್ ಮಾಡಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಗಟ್ಟಿಯಾದರೆ, ರಿವರ್ಸ್ ಹಾಕುವಾಗ ಕರಕರ ಎಂದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅನುಮಾನಿಸಿ. ಕ್ಲಚ್ ಕೇಬಲ್ ಬಿಗಿಸುವುದೋ ಕ್ಲಚ್ ಆಯಿಲ್ ನೋಡುವುದೋ ಅದಕ್ಕೆ ಮದ್ದು. ಗೇರ್ ಆಯಿಲ್‌ನಿಂದ ಅದು ಸರಿಹೋಗುವುದಿಲ್ಲ. ಬೆಳಗಿನ ಚಳಿಯಲ್ಲಿ ಮೊದಲ ಹತ್ತು ನಿಮಿಷ ಗಟ್ಟಿ, ಬಿಸಿಯಾದ ಮೇಲೆ ಹಗುರ ಎಂದಾದರೆ ಆಯಿಲ್ ಕಡೆ ನೋಡುವುದರಲ್ಲಿ ಅರ್ಥವಿದೆ.

ಹಂತ 2: ಯಾವ ಆಯಿಲ್, ಎಷ್ಟು ಲೀಟರ್: ಇದನ್ನು ಬರೆದಿಟ್ಟುಕೊಳ್ಳಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಹೆಚ್ಚು ಜನ ಇದನ್ನು ಮೆಕ್ಯಾನಿಕ್‌ಗೆ ಬಿಟ್ಟುಬಿಡುತ್ತಾರೆ, ತಪ್ಪು ಶುರುವಾಗುವುದೂ ಇಲ್ಲೇ. ಕೈಪಿಡಿಯಿಂದ ಮೂರು ಸಂಗತಿಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ: ದಪ್ಪದ ಸಂಖ್ಯೆ, ದರ್ಜೆ, ಪ್ರಮಾಣ.

ದಪ್ಪದ ಸಂಖ್ಯೆ ಎಂದರೆ 75ಡಬ್ಲ್ಯೂ-80, 75ಡಬ್ಲ್ಯೂ-90, 80ಡಬ್ಲ್ಯೂ-90 ಎಂದು ಬರೆದಿರುವುದು. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ ನಂತರ ಬರುವ ಅಂಕಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಸಿಕೊಳ್ಳುತ್ತದೆ ಎಂಬುದನ್ನೂ ಹೇಳುತ್ತದೆ. ಇಂಜಿನ್ ಆಯಿಲ್‌ನ ಅಂಕಿಗಳ ಜೊತೆ ಇವನ್ನು ಹೋಲಿಸಬೇಡಿ, ಎರಡರ ಅಳತೆಗೋಲೇ ಬೇರೆ. 75ಡಬ್ಲ್ಯೂ-90 ಗೇರ್ ಆಯಿಲ್ ಬಿಸಿಯಲ್ಲಿ ಸುಮಾರಾಗಿ 40 ಅಂಕಿಯ ಇಂಜಿನ್ ಆಯಿಲ್‌ನಷ್ಟು ದಪ್ಪ ಇರುತ್ತದೆ. "90 ಎಂದರೆ ಗ್ರೀಸ್ ಥರ ಇರುತ್ತೆ" ಎಂಬ ಮಾತು ತಪ್ಪು. ಆದರೆ 75ಡಬ್ಲ್ಯೂ-80 ಬೇಡುವ ಕಾರಿಗೆ 80ಡಬ್ಲ್ಯೂ-90 ಹಾಕಿದರೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಡಿಸೆಂಬರ್ ಬೆಳಗ್ಗೆ ಗೇರ್ ಇನ್ನಷ್ಟು ಗಟ್ಟಿಯಾಗುತ್ತದೆ. ನೀವು ದುಡ್ಡು ಕೊಟ್ಟು ತೊಂದರೆ ಕೊಂಡಂತಾಗುತ್ತದೆ.

ದರ್ಜೆ ಎಂದರೆ ಜಿಎಲ್-4 ಅಥವಾ ಜಿಎಲ್-5. ಇದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ವರ್ಗೀಕರಣ, ಡಬ್ಬಿಯ ಮೇಲೆ ಎಪಿಐ ಎಂದು ಬರೆದಿರುತ್ತದೆ. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಜಿಎಲ್-5 ಉತ್ತಮ ಎಂದು ತಿಳಿಯಬೇಡಿ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆ ಹೆಚ್ಚು. ಅದು ಹಿಂದಿನ ಚಕ್ರ ಓಡುವ, ಅಂದರೆ ಇಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ, ಗಾಡಿಗಳ ಡಿಫರೆನ್ಷಿಯಲ್‌ಗೆ ಹೇಳಿಮಾಡಿಸಿದ್ದು. ಎಡಬಲ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಆ ಗೇರ್ ಗೂಡಿಗೆ ಲಾರಿ ಮೇಸ್ತ್ರಿಗಳು 'ಕ್ರೌನ್' ಎನ್ನುತ್ತಾರೆ. ಮ್ಯಾನುವಲ್ ಗೇರ್ ಬಾಕ್ಸ್‌ನ ಒಳಗೆ ಸಿಂಕ್ರೊ ಉಂಗುರಗಳಿರುತ್ತವೆ. ನೀವು ಗೇರ್ ಬದಲಿಸಿದಾಗ ಎರಡು ಹಲ್ಲುಚಕ್ರಗಳ ವೇಗವನ್ನು ಉಜ್ಜಿ ಸಮ ಮಾಡುವ ಭಾಗ ಅದು. ಹಲವು ಕಾರುಗಳಲ್ಲಿ ಅದು ಹಿತ್ತಾಳೆಯದು. ಜಿಎಲ್-5ರ ರಾಸಾಯನಿಕ ಹಿತ್ತಾಳೆಯನ್ನು ತಿನ್ನಬಹುದು. ಜೊತೆಗೆ ಎಣ್ಣೆ ಅತಿಯಾಗಿ ಜಾರಿದರೆ ಉಂಗುರ ಹಿಡಿಯುವುದೇ ಇಲ್ಲ, ಗೇರ್ ಕರಕರ ಎನ್ನುತ್ತದೆ. ಕೈಪಿಡಿ ಜಿಎಲ್-4 ಎಂದರೆ ಜಿಎಲ್-4 ಹಾಕಿಸಿ. ಡಬ್ಬಿಯ ಮೇಲೆ ಎರಡೂ ದರ್ಜೆ ಬರೆದಿರುವ ಆಯಿಲ್‌ಗಳೂ ಸಿಗುತ್ತವೆ. ಬರೀ ಜಿಎಲ್-4 ಸಿಗುವಾಗ ಅಂಥ ಎರಡು ದರ್ಜೆಯ ಆಯಿಲ್‌ನ ಹಿಂದೆ ಹೋಗುವುದು ಬೇಡ.

ಕೆಲವು ಕಂಪನಿಗಳದ್ದು ಬೇರೆಯೇ ದಾರಿ. ಹೋಂಡಾ ತನ್ನ ಮ್ಯಾನುವಲ್ ಗೇರ್ ಬಾಕ್ಸ್‌ಗಳಿಗೆ ಎಂಟಿಎಫ್ ಎಂಬ ತನ್ನದೇ ದ್ರವ ಹೇಳುತ್ತದೆ. ಹಲವು ಮಾದರಿಗಳ ಕೈಪಿಡಿಯಲ್ಲಿ ಅದು ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯೂ-30 ಇಂಜಿನ್ ಆಯಿಲ್ ಹಾಕಬಹುದು ಎಂದೂ ಇದೆ. ಅಂಥ ಗಾಡಿಗೆ 80ಡಬ್ಲ್ಯೂ-90 ಸುರಿದರೆ ಏನಾಗಬಹುದು ಎಂಬುದನ್ನು ಇದರಿಂದಲೇ ಊಹಿಸಬಹುದು. ಬೇರೆ ಕಂಪನಿಯ ಕಾರಿಗೆ ಇಂಜಿನ್ ಆಯಿಲ್ ಹಾಕಬಹುದು ಎಂದು ಇದನ್ನು ಓದಿಕೊಳ್ಳಬೇಡಿ.

ಪ್ರಮಾಣ: ಸಣ್ಣ ಕಾರುಗಳಿಗೆ ಸುಮಾರು ಎರಡು ಲೀಟರ್ ಆಸುಪಾಸು. ನಿಮ್ಮದು ಎರಡು ಲೀಟರಿಗಿಂತ ನೂರು ಮಿಲಿಲೀಟರ್ ಹೆಚ್ಚಿದ್ದರೂ ಮೂರನೇ ಡಬ್ಬಿ ಬೇಕೇ ಬೇಕು. "ಎರಡು ಲೀಟರ್ ಸಾಕು ಸಾರ್" ಎಂಬ ಮಾತಿಗೆ ಒಪ್ಪಬೇಡಿ. ಉಳಿದದ್ದನ್ನು ಮುಚ್ಚಳ ಬಿಗಿದು ಮನೆಯಲ್ಲಿಟ್ಟುಕೊಂಡರೆ ಮುಂದೆ ಸೀಲ್ ಬದಲಿಸುವಾಗ ಕೆಲಸಕ್ಕೆ ಬರುತ್ತದೆ.

ಇನ್ನೋವಾ ಕ್ರಿಸ್ಟಾ, ಬೊಲೆರೊ, ಸ್ಕಾರ್ಪಿಯೊ, ಇಕೋದಂಥ ಹಿಂದಿನ ಚಕ್ರ ಓಡುವ ಗಾಡಿಗಳಲ್ಲಿ ಡಿಫರೆನ್ಷಿಯಲ್ ಬೇರೆ ಇರುತ್ತದೆ, ಅದರ ಆಯಿಲ್ ಬೇರೆ. ಥಾರ್, ಜಿಮ್ನಿಯಂಥ ನಾಲ್ಕೂ ಚಕ್ರ ಓಡುವ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ ಮತ್ತೊಂದು ಗೂಡೂ ಇದೆ. ದರ ಕೇಳುವಾಗ ಯಾವ ಯಾವ ಗೂಡು ಎಂದು ಹೆಸರಿಸಿ ಕೇಳಿ. ಸ್ವಿಫ್ಟ್, ಐ20, ಟಿಯಾಗೊ ಥರದ ಮುಂದಿನ ಚಕ್ರದ ಕಾರುಗಳಲ್ಲಿ ಎರಡೂ ಒಂದೇ ಗೂಡಿನಲ್ಲಿ, ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಈ ಕಾರುಗಳಿಗೆ "ಡಿಫರೆನ್ಷಿಯಲ್ ಆಯಿಲ್ ಬೇರೆ" ಎಂದು ಬಿಲ್ ಹಾಕಿದರೆ ಅದು ತಪ್ಪು ಬಿಲ್.

ಹಂತ 3: ಆಯಿಲ್ ನೀವೇ ಕೊಳ್ಳಿ

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ವಾಹನ ಬಿಡಿಭಾಗಗಳ ಹಳೆಯ ಮಾರುಕಟ್ಟೆ ಅದು. ಆದರೆ ಎರಡು ಡಬ್ಬಿ ಎಣ್ಣೆಗಾಗಿ ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. ಕಾರು ಕಂಪನಿಗಳ ಅಧಿಕೃತ ಬಿಡಿಭಾಗ ಮಾರುವ ಅಂಗಡಿಗಳು ಜಿಲ್ಲಾಕೇಂದ್ರಗಳಲ್ಲೆಲ್ಲ ಇವೆ. ಸರ್ವಿಸ್ ಸೆಂಟರ್‌ನ ಬಿಡಿಭಾಗ ಕೌಂಟರಿನಲ್ಲೂ ಬರೀ ಆಯಿಲ್ ಕೊಳ್ಳಬಹುದು. ಕಂಪನಿಯದೇ ಹೆಸರಿನ ಆಯಿಲ್ ಸಾಮಾನ್ಯವಾಗಿ ಹೊರಗಿನ ಸಿಂಥೆಟಿಕ್‌ಗಿಂತ ಅಗ್ಗ. ದರ್ಜೆಯ ಗೊಂದಲವೂ ಇಲ್ಲ. ನನ್ನ ಮೊದಲ ಆಯ್ಕೆ ಅದೇ. ಇಂಡಿಯನ್ ಆಯಿಲ್‌ನ ಸರ್ವೊ, ಎಚ್‌ಪಿ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್, ಗಲ್ಫ್, ವ್ಯಾಲ್ವೊಲಿನ್, ಮೊಟುಲ್ ಇವುಗಳಲ್ಲೂ ಗೇರ್ ಆಯಿಲ್ ಇದೆ. ನಿಮ್ಮ ಅಂಕಿ ಮತ್ತು ದರ್ಜೆ ಹೊಂದಿದರೆ ಸಾಕು.

ಅಂದಾಜು ಹೇಳುವುದಾದರೆ, ಸಾದಾ 80ಡಬ್ಲ್ಯೂ-90 ಲೀಟರಿಗೆ 300ರಿಂದ 450 ರೂಪಾಯಿ, ಒಳ್ಳೆಯ ಸಿಂಥೆಟಿಕ್ 75ಡಬ್ಲ್ಯೂ ಸಾಲಿನವು 700ರಿಂದ 1,200 ರೂಪಾಯಿ, ಕೆಲವು ಇನ್ನೂ ಹೆಚ್ಚು. ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿದೆ. ಎಂಆರ್‌ಪಿ ಬರೆದು ಅದರ ಮೇಲೆ ಮತ್ತೆ ಶೇಕಡಾ 18 ಜಿಎಸ್‌ಟಿ ಕೂಡಿಸುವುದು ಕಾನೂನಿಗೆ ವಿರುದ್ಧ. ಬಿಲ್‌ನಲ್ಲಿ ಇದನ್ನು ಕಂಡರೆ ಅಲ್ಲೇ ಕೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಸೀಲ್ ಒಡೆದ ಡಬ್ಬಿ, ಮುಚ್ಚಳದ ಸುತ್ತ ಎಣ್ಣೆ ಜಿನುಗಿದ ಡಬ್ಬಿ, ತಯಾರಿಕೆ ದಿನಾಂಕ ಅಳಿಸಿದ ಡಬ್ಬಿ ಬೇಡ. ಹಳ್ಳಿ ಕಡೆ ಬ್ಯಾರೆಲ್‌ನಿಂದ ಲೂಸ್ ಗೇರ್ ಆಯಿಲ್ ಅಳೆದು ಕೊಡುತ್ತಾರೆ. ಅದು ಟ್ರ್ಯಾಕ್ಟರ್ ಮತ್ತು ಲಾರಿಗೆಂದು ತಂದ 90 ಅಥವಾ 140 ಆಗಿರುತ್ತದೆ. ಕಾರಿಗೆ ಅದು ಬೇಡವೇ ಬೇಡ.

ಆಯಿಲ್ ಜೊತೆಗೆ ಡ್ರೈನ್ ಬೋಲ್ಟ್ (ಎಣ್ಣೆ ಇಳಿಸುವ ಕೆಳಗಿನದು) ಮತ್ತು ಫಿಲ್ಲರ್ ಬೋಲ್ಟ್ (ಎಣ್ಣೆ ತುಂಬುವ ಮೇಲಿನದು) ಇವುಗಳ ವಾಷರ್ ಕೂಡ ಕೇಳಿ ತನ್ನಿ. ತಾಮ್ರ ಅಥವಾ ಅಲ್ಯೂಮಿನಿಯಂನ ಆ ಪುಟ್ಟ ಬಳೆ ಒಮ್ಮೆ ಬಿಗಿದಾಗ ಒತ್ತಿ ಚಪ್ಪಟೆಯಾಗುತ್ತದೆ. ಹಳೆಯದನ್ನೇ ಮತ್ತೆ ಹಾಕಿದರೆ ಜಿನುಗುವ ಸಾಧ್ಯತೆ ಹೆಚ್ಚು. ಕೆಲವು ಗಾಡಿಗಳಲ್ಲಿ ವಾಷರ್ ಇರುವುದಿಲ್ಲ, ಮರೆಗೆ, ಅಂದರೆ ಬೋಲ್ಟ್‌ನ ತಿರುಪಿನ ಗೆರೆಗಳಿಗೆ, ಸೀಲಂಟ್ ಹಚ್ಚಿ ಬಿಗಿಯುತ್ತಾರೆ. ಅಂಗಡಿಯವರಿಗೆ ಕಾರಿನ ಮಾದರಿ ಮತ್ತು ವರ್ಷ ಹೇಳಿದರೆ ಗೊತ್ತಾಗುತ್ತದೆ.

ಹಂತ 4: ಎಲ್ಲಿ ಮಾಡಿಸಬೇಕು

ವಾರಂಟಿ ಇನ್ನೂ ಇದ್ದರೆ ಯೋಚನೆ ಬೇಡ, ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಿ. ನಾಳೆ ಗೇರ್ ಬಾಕ್ಸ್ ಕೆಟ್ಟರೆ ಹೊರಗೆ ಬಿಚ್ಚಿದ ಬೋಲ್ಟ್ ಒಂದು ನೆಪವಾಗುತ್ತದೆ. ವಿಸ್ತರಿಸಿದ ವಾರಂಟಿಗೂ ಇದೇ ಮಾತು. ಆದರೆ ಹೋಗುವಾಗ "ಗೇರ್ ಆಯಿಲ್ ಬದಲಾವಣೆ ಮಾತ್ರ" ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಸಲಹೆಗಾರರು ಇಂಜಿನ್ ಡಿಕಾರ್ಬನೈಸಿಂಗ್, ಎಸಿ ಸ್ವಚ್ಛತೆ, ಅಂಡರ್‌ಬಾಡಿ ಲೇಪನ ಎಂದು ಒಂದೊಂದೇ ಸೇರಿಸುವುದರಿಂದಲೇ ಎರಡು ಸಾವಿರದ ಕೆಲಸ ಐದು ಸಾವಿರಕ್ಕೆ ಏರುತ್ತದೆ. ಅಲ್ಲಿ ಕೂಲಿ ಹೆಚ್ಚಾದರೂ ಒಂದು ಲಾಭ ಇದೆ. ಕೆಲವು ಕೇಂದ್ರಗಳು ದೊಡ್ಡ ಡ್ರಮ್ಮಿನಿಂದ ಅಳೆದು ಹಾಕಿ, ಬಳಸಿದಷ್ಟಕ್ಕೇ ಬಿಲ್ ಮಾಡುತ್ತವೆ. ಮೂರನೇ ಡಬ್ಬಿಯ ದುಡ್ಡು ಉಳಿಯುತ್ತದೆ. ಮಳೆಗಾಲದ ಮುಂಚೆ ಕಂಪನಿಗಳು ನಡೆಸುವ ಸರ್ವಿಸ್ ಕ್ಯಾಂಪ್‌ಗಳಲ್ಲಿ ಕೂಲಿಗೆ ರಿಯಾಯಿತಿ ಇರುತ್ತದೆ, ಕೇಳಿ ನೋಡಿ.

ವಾರಂಟಿ ಮುಗಿದವರಿಗೆ ನಾನು ಹೇಳುವುದು ನಿಮ್ಮ ಬಡಾವಣೆಯ ಸ್ವತಂತ್ರ ಗ್ಯಾರೇಜನ್ನು. ಎಲ್ಲ ಗ್ಯಾರೇಜೂ ಅಲ್ಲ. ನಿಮ್ಮ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹತ್ತು ವರ್ಷ ದುಡಿದು ಹೊರಗೆ ಬಂದು ಸ್ವಂತ ಶೆಡ್ ಹಾಕಿಕೊಂಡ ಮೆಕ್ಯಾನಿಕ್‌ಗಳು ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಇದ್ದಾರೆ. ನಿಮ್ಮದೇ ಮಾದರಿಯ ಟ್ಯಾಕ್ಸಿ ಓಡಿಸುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಮಂಗಳೂರಿನ ಯೆಯ್ಯಾಡಿ, ಮೈಸೂರಿನ ಹೆಬ್ಬಾಳದಂಥ ಕೈಗಾರಿಕಾ ಪ್ರದೇಶಗಳ ಸುತ್ತಮುತ್ತ ಹುಡುಕಲು ಶುರುಮಾಡಬಹುದು. ಗ್ಯಾರೇಜಿನಲ್ಲಿ ಎರಡು ವಸ್ತು ಇದೆಯೇ ನೋಡಿ: ಕಾರನ್ನು ಸಮತಟ್ಟಾಗಿ ಮೇಲೆತ್ತುವ ಲಿಫ್ಟ್ ಅಥವಾ ಕೆಳಗಿಳಿದು ಕೆಲಸ ಮಾಡುವ ಪಿಟ್, ಮತ್ತು ಬಿಗಿಯುವ ಬಲ ಅಳೆಯುವ ಟಾರ್ಕ್ ಸ್ಪ್ಯಾನರ್. ಎರಡನೆಯದು ಇದ್ದರೆ ಆ ಮನುಷ್ಯ ಕೆಲಸವನ್ನು ಗೌರವಿಸುತ್ತಾನೆ ಎಂದು ತಿಳಿಯಿರಿ. ಇಂಥ ಕಡೆ ಕೂಲಿ ಸಾಮಾನ್ಯವಾಗಿ 200ರಿಂದ 500 ರೂಪಾಯಿ.

ಹಲವು ಕಂಪನಿಯ ಕಾರು ನೋಡುವ ಸರಪಳಿ ಗ್ಯಾರೇಜ್‌ಗಳು ಇವೆರಡರ ನಡುವೆ ನಿಲ್ಲುತ್ತವೆ. ದರ ಮೊದಲೇ ತಿಳಿಯುತ್ತದೆ, ಆದರೆ ನೀವು ತಂದ ಆಯಿಲ್ ಹಾಕಲು ಕೆಲವರು ಒಪ್ಪುವುದಿಲ್ಲ. ಕೆಲವು ದೊಡ್ಡ ಲೂಬ್ರಿಕೆಂಟ್ ಅಂಗಡಿಗಳಲ್ಲಿ ಪಕ್ಕದಲ್ಲೇ ಪಿಟ್ ಇಟ್ಟು, ಅಲ್ಲೇ ಆಯಿಲ್ ಕೊಂಡರೆ ಪುಕ್ಕಟೆಯಾಗಿಯೋ ನೂರಿನ್ನೂರು ರೂಪಾಯಿಗೋ ಬದಲಿಸಿಕೊಡುತ್ತಾರೆ. ಅವರ ಕೈಗೆ ಇಂಜಿನ್ ಆಯಿಲ್ ಹೆಚ್ಚು ಪರಿಚಯ. ನಿಮ್ಮ ಗೇರ್ ಬಾಕ್ಸ್‌ನ ಫಿಲ್ಲರ್ ಬೋಲ್ಟ್ ಎಲ್ಲಿದೆ ಎಂದು ತೋರಿಸಲು ಹೇಳಿ. ತಡವರಿಸಿದರೆ ಆಯಿಲ್ ಮಾತ್ರ ಕೊಂಡು ಬನ್ನಿ.

ಮನೆಗೇ ಬಂದು ಮಾಡುವವರು ಇಂಜಿನ್ ಆಯಿಲ್‌ಗೆ ಸರಿ, ಇದಕ್ಕೆ ಬೇಡ. ಮುಂಭಾಗವನ್ನು ಮಾತ್ರ ಜಾಕ್ ಮೇಲೆ ಎತ್ತಿದರೆ ಗೇರ್ ಬಾಕ್ಸ್ ಓರೆಯಾಗಿ ಎಣ್ಣೆಯ ಮಟ್ಟ ತಪ್ಪುತ್ತದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾರೂ, ನೀವಾಗಲಿ ಅವರಾಗಲಿ, ಮಲಗಬಾರದು.

ಎಲ್ಲಕ್ಕಿಂತ ಅಗ್ಗದ ದಾರಿಯೊಂದಿದೆ, ಅದಕ್ಕೆ ಕಾಯಬೇಕು. ಕ್ಲಚ್ ಪ್ಲೇಟ್ ಬದಲಿಸುವಾಗ ಗೇರ್ ಬಾಕ್ಸನ್ನು ಇಳಿಸುತ್ತಾರೆ. ಡ್ರೈವ್ ಶಾಫ್ಟ್, ಅಂದರೆ ಚಕ್ರಕ್ಕೆ ಬಲ ಒಯ್ಯುವ ಸರಳು, ಅದರ ಸೀಲ್ ಬದಲಿಸುವಾಗಲೂ ಎಣ್ಣೆಯನ್ನು ಹೊರತೆಗೆಯಬೇಕಾಗುತ್ತದೆ. ಆಗ ಹೊಸ ಆಯಿಲ್ ಹಾಕಿಸಿದರೆ ಹೆಚ್ಚಿನ ಕೂಲಿ ಇಲ್ಲ. ಎಷ್ಟೋ ಕಡೆ ಇಳಿಸಿದ ಹಳೆಯ ಎಣ್ಣೆಯನ್ನೇ ಬಕೆಟ್‌ನಿಂದ ಮತ್ತೆ ಸುರಿಯುತ್ತಾರೆ. ಕ್ಲಚ್ ಕೆಲಸಕ್ಕೆ ಗಾಡಿ ಬಿಡುವ ದಿನವೇ ಆಯಿಲ್ ಡಬ್ಬಿಗಳನ್ನು ಕೈಗೆ ಕೊಟ್ಟು ಬನ್ನಿ.

ಹಂತ 5: ಫೋನಿನಲ್ಲಿ ಹೀಗೆ ಕೇಳಿ

"ಗೇರ್ ಆಯಿಲ್ ಎಷ್ಟು?" ಎಂದು ಕೇಳಿದರೆ ಸಿಗುವ ಉತ್ತರಗಳನ್ನು ಹೋಲಿಸಲು ಬರುವುದಿಲ್ಲ. ಬದಲಿಗೆ: "ನನ್ನದು ಇಂಥ ಕಾರು, ಇಂಥ ವರ್ಷ. ಆಯಿಲ್, ವಾಷರ್ ನಾನೇ ತರ್ತೀನಿ. ಡ್ರೈನ್ ಮಾಡಿ ಲೆವೆಲ್‌ಗೆ ತುಂಬಿಸೋಕೆ ಕೂಲಿ ಎಷ್ಟು? ಪಕ್ಕದಲ್ಲಿ ನಿಂತು ನೋಡಬಹುದಾ?" ಮೂರು ಕಡೆ ಕೇಳಿ. ನಿಲ್ಲಬೇಡಿ ಎನ್ನುವವರ ದರ ಎಷ್ಟೇ ಕಡಿಮೆ ಇದ್ದರೂ ಪಟ್ಟಿಯಿಂದ ತೆಗೆಯಿರಿ.

ಒಂದು ಲೆಕ್ಕ ನೋಡಿ. 2.2 ಲೀಟರ್ ಹಿಡಿಯುವ ಕಾರು, ಲೀಟರಿಗೆ 550 ರೂಪಾಯಿಯ ಆಯಿಲ್. ಮೂರು ಡಬ್ಬಿಗೆ 1,650, ವಾಷರಿಗೆ 80, ಕೂಲಿ 350. ಒಟ್ಟು 2,080. ಇದೇ ಕೆಲಸಕ್ಕೆ ಯಾರಾದರೂ ಎಲ್ಲ ಸೇರಿ 800 ಎಂದರೆ, ಎಣ್ಣೆಗೆ ಅವರು ಎಷ್ಟು ಖರ್ಚು ಮಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ. 4,500 ಎಂದರೆ ಸಾಲು ಸಾಲಾಗಿ ಬಿಡಿಸಿ ಬರೆಯಲು ಹೇಳಿ.

ಹಂತ 6: ಕೆಲಸ ನಡೆಯುವಾಗ ಎದುರಿಗೇ ಇರಿ

ಹೋಗುವ ಮುಂಚೆ ಹತ್ತು ಹದಿನೈದು ನಿಮಿಷ ಕಾರು ಓಡಿಸಿ. ಎಣ್ಣೆ ಬೆಚ್ಚಗಾದರೆ ಪುಡಿಯನ್ನೂ ಎತ್ತಿಕೊಂಡು ಚೆನ್ನಾಗಿ ಇಳಿಯುತ್ತದೆ. ಪೂರ್ತಿ ಕಾದಿದ್ದರೆ ಕೈ ಸುಡುತ್ತದೆ, ಸ್ವಲ್ಪ ಹೊತ್ತು ಬಿಡಿ.

ಮೇಲೆತ್ತಿದ ಮೇಲೆ ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಬೋಲ್ಟ್, ಎಣ್ಣೆ ತುಂಬುವ ರಂಧ್ರದ್ದು. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ವರ್ಷಗಟ್ಟಲೆ ಮುಟ್ಟದ ಫಿಲ್ಲರ್ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ, ಬಿಚ್ಚಲು ಹೋದರೆ ತಲೆ ಸವೆದುಹೋಗುತ್ತದೆ. ಕೆಳಗಿನ ಡ್ರೈನ್ ಬೋಲ್ಟ್ ಮೊದಲು ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ ಇದು ಗೊತ್ತಾದರೆ, ತುಂಬಿಸಲು ದಾರಿಯಿಲ್ಲದೆ ಕಾರು ಅಲ್ಲೇ ನಿಲ್ಲುತ್ತದೆ. ಮೇಲಿನದು ಬಿಚ್ಚಿತು ಎಂದು ಖಾತ್ರಿಯಾದ ಮೇಲೆ ಕೆಳಗಿನದಕ್ಕೆ ಕೈ ಹಾಕಲಿ.

ಎಣ್ಣೆ ಇಳಿಯಲು ಕನಿಷ್ಠ ಹದಿನೈದು ನಿಮಿಷ ಬಿಡಿ, ಹನಿ ನಿಲ್ಲಲಿ. ಈ ಹೊತ್ತಿನಲ್ಲಿ ಡ್ರೈನ್ ಬೋಲ್ಟನ್ನು ಕೈಗೆ ತೆಗೆದುಕೊಂಡು ನೋಡಿ. ಹಲವು ಕಾರುಗಳಲ್ಲಿ ಅದರ ತುದಿಗೆ ಆಯಸ್ಕಾಂತ ಇರುತ್ತದೆ. ಬೂದುಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸೂಜಿಯಂಥ ಚೂರು, ಹಲ್ಲು ಮುರಿದ ತುಂಡು ಕಂಡರೆ ಒಳಗೆ ಏನೋ ಮುರಿದಿದೆ. ಎಣ್ಣೆಯನ್ನು ಬೆಳಕಿಗೆ ಹಿಡಿದಾಗ ಚಿನ್ನದ ಬಣ್ಣದ ಮಿನುಗು ಹೇರಳವಾಗಿ ಕಂಡರೆ ಸಿಂಕ್ರೊ ಉಂಗುರ ಸವೆಯುತ್ತಿದೆ ಎಂದರ್ಥ. ಗಾಬರಿಯಾಗಿ ಆ ಕ್ಷಣವೇ ಗೇರ್ ಬಾಕ್ಸ್ ಬಿಚ್ಚಲು ಒಪ್ಪಿಬಿಡಬೇಡಿ. ಫೋಟೊ ತೆಗೆದುಕೊಂಡು ಇನ್ನೊಬ್ಬರಿಗೆ ತೋರಿಸಿ.

ಹಳೆಯ ಗೇರ್ ಆಯಿಲ್ ಕೆಟ್ಟ ವಾಸನೆ ಬರುತ್ತದೆ. "ನೋಡಿ ಸಾರ್, ಸುಟ್ಟುಹೋಗಿದೆ" ಎಂದು ಮೂಗಿಗೆ ಹಿಡಿದು ಹೆದರಿಸುವವರಿದ್ದಾರೆ. ಆ ವಾಸನೆ ಗಂಧಕದ್ದು. ಹೊಸ ಡಬ್ಬಿ ಬಿಚ್ಚಿ ಮೂಸಿ ನೋಡಿ, ಅಲ್ಲೂ ಇದೆ.

ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಫ್ಲಶ್ ಮಾಡುತ್ತೇವೆ ಎಂದರೆ ಖಡಾಖಂಡಿತವಾಗಿ ಬೇಡ ಎನ್ನಿ. ಒಳಗೆ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಗೇರ್ ಮೃದುವಾಗಿಸುವ ಪುಟ್ಟ ಬಾಟಲಿಗಳೂ ಬೇಡ.

ಇನ್ನು ತುಂಬಿಸುವುದು. ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟ್ ಬಿಗಿಯಲಿ. ಗೇರ್ ಬಾಕ್ಸ್‌ನ ಹೊದಿಕೆ ಅಲ್ಯೂಮಿನಿಯಂ, ಬೋಲ್ಟ್ ಹೆಚ್ಚಾಗಿ ಉಕ್ಕಿನದು. ಉದ್ದನೆಯ ಪೈಪ್ ಸಿಕ್ಕಿಸಿ ಮೈಭಾರ ಹಾಕಿ ಬಿಗಿದರೆ ಹೊದಿಕೆಯ ಮರೆಯೇ ಕಿತ್ತುಬರುತ್ತದೆ, ಅದರ ದುರಸ್ತಿ ಈ ಇಡೀ ಕೆಲಸಕ್ಕಿಂತ ದುಬಾರಿ. ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆದು, ಕೈಪಂಪ್ ಅಥವಾ ಕೊಳವೆಯಿಂದ ತುಂಬಿಸಲಿ. ಹೆಚ್ಚಿನ ಗೇರ್ ಬಾಕ್ಸ್‌ಗಳಲ್ಲಿ ಫಿಲ್ಲರ್ ರಂಧ್ರದ ಕೆಳ ಅಂಚೇ ಸರಿಯಾದ ಮಟ್ಟ. ಕಾರು ಸಮತಟ್ಟಾಗಿದ್ದು ಎಣ್ಣೆ ಅಲ್ಲಿಂದ ಸಣ್ಣಗೆ ತೊಟ್ಟಿಕ್ಕಲು ಶುರುವಾದರೆ ಭರ್ತಿಯಾಯಿತು. ಕೆಲವು ಮಾದರಿಗಳಲ್ಲಿ ಹೀಗೆ ಮಟ್ಟ ನೋಡಲು ಬರುವುದಿಲ್ಲ, ಕೈಪಿಡಿಯ ಪ್ರಮಾಣವನ್ನು ಅಳೆದೇ ಸುರಿಯಬೇಕು. ಯಾವುದೇ ಆಗಲಿ, ಕೊನೆಗೆ ಡಬ್ಬಿಯಲ್ಲಿ ಉಳಿದ ಎಣ್ಣೆ ಮತ್ತು ಕೈಪಿಡಿಯ ಅಂಕಿ ಸುಮಾರಾಗಿ ತಾಳೆಯಾಗಬೇಕು. 2.2 ಹಿಡಿಯುವ ಕಾರಿಗೆ 1.6 ಲೀಟರ್ ಮಾತ್ರ ಹೋಗಿದ್ದರೆ ಹಳೆಯದು ಪೂರ್ತಿ ಇಳಿದಿಲ್ಲ ಅಥವಾ ಕಾರು ಓರೆಯಾಗಿ ನಿಂತಿದೆ.

ಒಮ್ಮೆ ನನ್ನ ಬಿಲ್‌ನಲ್ಲಿ ಗೇರ್ ಆಯಿಲ್ ಬದಲಾವಣೆ ಎಂದು ಬರೆದು ದುಡ್ಡು ತೆಗೆದುಕೊಂಡಿದ್ದರು. ಕೆಳಗೆ ಬಗ್ಗಿ ನೋಡಿದರೆ ಎರಡೂ ಬೋಲ್ಟ್‌ಗಳ ಮೇಲೆ ಹಿಂದಿನ ಮಳೆಗಾಲದ ಕೆಸರು ಹಾಗೇ ಗಟ್ಟಿಯಾಗಿ ಕೂತಿತ್ತು. ಗಾಡಿ ಬಿಟ್ಟುಹೋಗಲೇಬೇಕಾದವರು ಮುಂಚೆಯೇ ಬೋಲ್ಟ್‌ಗಳ ತಲೆಯ ಮೇಲೆ ಬಣ್ಣದ ಗೀಟು ಎಳೆದು ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿ ಹಾಕಿದರೆ ಗೀಟು ಸಾಲು ತಪ್ಪುತ್ತದೆ.

ಹಂತ 7: ಬಿಲ್, ಮತ್ತು ನಂತರದ ವಾರ

ಬಿಲ್ ಸಣ್ಣ ಚೀಟಿಯಾದರೂ ಸರಿ, ಅದರಲ್ಲಿ ದಿನಾಂಕ, ಕಿಲೋಮೀಟರ್, ಆಯಿಲ್‌ನ ಹೆಸರು ಮತ್ತು ದರ್ಜೆ, ಹೋದ ಪ್ರಮಾಣ ಇರಲಿ. ಕಾರು ಮಾರುವಾಗಲೂ ಇದಕ್ಕೆ ಬೆಲೆ ಇದೆ. ಸಣ್ಣ ಗ್ಯಾರೇಜುಗಳಿಗೆ ಜಿಎಸ್‌ಟಿ ನೋಂದಣಿ ಇರಬೇಕೆಂದಿಲ್ಲ, ಆದರೆ ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ಬಿಲ್‌ನಲ್ಲಿ ತೆರಿಗೆ ಕಂಡರೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆಯೂ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ.

ಹಳೆಯ ಎಣ್ಣೆಯನ್ನು ಗ್ಯಾರೇಜಿನಲ್ಲೇ ಬಿಡಿ. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೆ ಕೊಡಬೇಕೆಂಬ ನಿಯಮವಿದೆ. ಕೊಟ್ಟಿಗೆಯ ಕಂಬಕ್ಕೆ, ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಮನೆಗೆ ಒಯ್ಯುವವರಿದ್ದಾರೆ. ಬಾವಿ ಇರುವ ಅಂಗಳದಲ್ಲಿ ಅದನ್ನು ಹಚ್ಚಿದರೆ ಮಳೆಗೆ ತೊಳೆದು ಎಲ್ಲಿಗೆ ಹೋಗುತ್ತದೆ ಯೋಚಿಸಿ. ಚರಂಡಿಗಂತೂ ಸುರಿಯಬಾರದು.

ಗ್ಯಾರೇಜ್ ಬಿಡುವ ಮುಂಚೆ ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ರಿವರ್ಸ್ ಸೇರಿ ಎಲ್ಲ ಗೇರ್ ಹಾಕಿ. ಹಿಂದಿರುಗಿ ಬೋಲ್ಟ್‌ಗಳನ್ನು ಒಣಬಟ್ಟೆಯಲ್ಲಿ ಒರೆಸಿ ನೋಡಿ. ಆ ರಾತ್ರಿ ಗೇರ್ ಬಾಕ್ಸ್ ಇರುವ ಜಾಗದ ಕೆಳಗೆ ಒಂದು ರಟ್ಟು ಹಾಸಿಡಿ, ಮೂರು ದಿನ ಹಾಗೇ ಮಾಡಿ. ಒಂದೆರಡು ಹನಿ ಮೊದಲ ದಿನ ಬಿದ್ದರೆ ತುಂಬಿಸುವಾಗ ಚೆಲ್ಲಿದ್ದಿರಬಹುದು. ಮೂರನೇ ದಿನವೂ ಬಿದ್ದರೆ ಬಿಲ್ ಹಿಡಿದು ಹೋಗಿ ವಾಷರ್ ಮತ್ತು ಬಿಗಿತ ನೋಡಿಸಿ. ಅದಕ್ಕೆ ಮತ್ತೆ ಕೂಲಿ ಕೊಡಬೇಕಾಗಿಲ್ಲ.

ಸರಿಯಾದ ಎಣ್ಣೆ ಬಿದ್ದಿದ್ದರೆ ಬೆಳಗಿನ ಮೊದಲ ಗೇರ್, ಎರಡನೇ ಗೇರ್ ಹಗುರವಾದದ್ದು ಕೆಲವು ದಿನಗಳಲ್ಲಿ ಕೈಗೆ ಗೊತ್ತಾಗುತ್ತದೆ. ಎರಡನೇ ಗೇರ್‌ಗೆ ಇಳಿಸುವಾಗ ಮಾತ್ರ ಕರಕರ ಮುಂದುವರಿದರೆ ಸವೆದ ಸಿಂಕ್ರೊ ಉಂಗುರ ಇರಬಹುದು, ಅದನ್ನು ಯಾವ ಎಣ್ಣೆಯೂ ಮತ್ತೆ ಬೆಳೆಸುವುದಿಲ್ಲ. ಆಗ ಒಂದು ಕ್ಷಣ ನಿಧಾನಿಸಿ, ವೇಗ ಇಳಿದ ಮೇಲೆ ಗೇರ್ ಹಾಕುತ್ತ ಓಡಿಸಿ. ಮುಂದೆ ಕ್ಲಚ್ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸಿದಾಗ ಉಂಗುರವನ್ನೂ ಬದಲಿಸಲು ಹೇಳಿ, ಇಳಿಸುವ ಕೂಲಿ ಎರಡು ಸಲ ಬೀಳುವುದಿಲ್ಲ.